ಶನಿವಾರದ ರೈಲಿಗೆ ಒಂದು ಸ್ಟೂಲು

ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಆ ಕಾಲದಲ್ಲಿ ನೆಲದಿಂದ ಒಂದು ಗೇಣು ಎತ್ತರ ಇತ್ತು, ಅಷ್ಟೆ. ಈಗ ಕಾಲು ನೀಡಿದರೆ ಬೋಗಿಯ ಒಳಗೇ ಇರುತ್ತೇವೆ, ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಆಗ ಕೆಳಗೆ ನಿಂತು ನೋಡಿದರೆ ರೈಲಿನ ಮೊದಲ ಮೆಟ್ಟಿಲು ದೊಡ್ಡವರಿಗೆ ಮೊಣಕಾಲಿನಿಂದ ಮೇಲೆ, ನನಗೆ ಸೊಂಟದ ಹತ್ತಿರ. ಪ್ಯಾಸೆಂಜರ್ ಗಾಡಿ ನಿಲ್ಲುತ್ತಿದ್ದದ್ದು ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಎರಡೂ ಕಾಲು ಸರಿ ಇದ್ದವರೇ ಬ್ಯಾಗು, ಕೊಡೆ, ಮಗು ಎಂದು ಒದ್ದಾಡುವಾಗ, ನಾನು ಮತ್ತು ನನ್ನ ಸೋದರತ್ತೆ ಆಕಯ್ ಒಂದು ಸ್ಟೂಲು ಹಿಡಿದುಕೊಂಡು ಹೋಗಿ ನಿಲ್ಲುತ್ತಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷದ ಮಾತು. ಎರಡು ಸಾವಿರದ ಐದೋ ಆರೋ ಇರಬೇಕು. ಶಾಲೆ ಸುರುವಾಗುವ ಜೂನಿನಿಂದ ಮಳೆ ಬಿಡುವ ಅಕ್ಟೋಬರಿನವರೆಗೆ, ಒಂದು ಮಳೆಗಾಲ. ಆ ಐದು ತಿಂಗಳನ್ನು ಬಿಟ್ಟರೆ ನನ್ನ ಬಾಲ್ಯದಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ನನ್ನ ಎಡಗಾಲು ಹುಟ್ಟಿನಿಂದಲೇ ಸಪೂರ. ಪೋಲಿಯೋ ಅಲ್ಲ, ನರದ ದೋಷ ಎಂದು ಡಾಕ್ಟರರು ಹೇಳಿದ್ದರು. ಆದರೆ ಮನೆಗೆ ಬಂದವರು, ಬಸ್ಸಿನಲ್ಲಿ ಪಕ್ಕ ಕೂತವರು, ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಸಿಕ್ಕಿದವರು ಎಲ್ಲರೂ ‘ಪೋಲಿಯೋನಾ?’ ಎಂದೇ ಕೇಳುತ್ತಿದ್ದರು. ಮೊದಮೊದಲು ನಾನು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಾಕಾಗಿ ‘ಹೌದು’ ಎನ್ನತೊಡಗಿದೆ. ಹೌದು ಅಂದರೆ ಬೇಗ ಮುಗಿಯುತ್ತದೆ. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟು, ಕೆಳಗೆ ಕಪ್ಪು ಬೂಟು. ಇದಕ್ಕೆ ಕ್ಯಾಲಿಪರ್ ಎಂದು ಹೆಸರು. ಮಳೆಗಾಲದಲ್ಲಿ ಆ ಚರ್ಮಕ್ಕೆ ಬೂಸು ಹಿಡಿದು ಒಂದು ವಾಸನೆ ಬರುತ್ತಿತ್ತು. ನನ್ನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ, ಒಳ್ಳೆಯವರೇ. ಸುಮ್ಮನೆ ಸ್ವಲ್ಪ ಸರಿದು ಕೂರುತ್ತಿದ್ದರು.

ಅವರೆಲ್ಲ ಮಧ್ಯಾಹ್ನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಆ ಆಟದಲ್ಲಿ ಎಲ್ಲರೂ ಒಂದೇ ಕಾಲಿನಲ್ಲಿ ಕುಂಟುವುದು ತಾನೇ? ಆದರೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಾನು ಜಗಲಿಯಲ್ಲಿ ಕೂತು ಐದು ಕಲ್ಲು ಹಿಡಿದುಕೊಂಡು ಕಲ್ಲಾಟ ಆಡುತ್ತಿದ್ದೆ, ಒಬ್ಬಳೇ. ಎಡಗೈ ಒಂದು ಪಾರ್ಟಿ, ಬಲಗೈ ಒಂದು ಪಾರ್ಟಿ. ಬಲಗೈ ಯಾವಾಗಲೂ ಗೆಲ್ಲುತ್ತಿತ್ತು.

ಮನೆ ಕಾಸರಗೋಡು ಜಿಲ್ಲೆಯ ಮೀಂಜದಲ್ಲಿ. ಮಮ್ಮಿ ಕುವೈಟಿನಲ್ಲಿ ನರ್ಸು, ಶುಕ್ರವಾರ ಸಂಜೆ ಫೋನು ಮಾಡುತ್ತಿದ್ದಳು. ಪಪ್ಪನಿಗೆ ಹೊಸಂಗಡಿಯಲ್ಲಿ ಬೇಕರಿ, ಶನಿವಾರ ಹೆಚ್ಚು ವ್ಯಾಪಾರ. ಆದ್ದರಿಂದ ವಾರಕ್ಕೊಮ್ಮೆ ಮಂಗಳೂರಿನಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕು ಎಂದು ಡಾಕ್ಟರರು ಹೇಳಿದಾಗ, ಕರೆದುಕೊಂಡು ಹೋಗುವ ಕೆಲಸ ಆಕಯ್‌ಗೆ ಬಂತು. ಆಕಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಪ್ಪನ ಅಕ್ಕ. ಆಗ ಅವಳಿಗೆ ಐವತ್ತರ ಹತ್ತಿರ. ಮದುವೆ ಆಗಿರಲಿಲ್ಲ. ಪ್ರಾಯದಲ್ಲಿ ಮಂಗಳೂರಿನಲ್ಲಿ ಮದುವೆಯ ಗೌನು ಹೊಲಿಯುವ ಒಂದು ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದಳಂತೆ. ಅಜ್ಜಿ ಮಲಗಿದಲ್ಲೇ ಆದಾಗ ನೋಡಿಕೊಳ್ಳಲು ಅವಳನ್ನು ಊರಿಗೆ ಕರೆಸಿದರು. ಅಜ್ಜಿ ತೀರಿಹೋದ ಮೇಲೆ ‘ಇನ್ನು ನೀನು ಹಿಂದೆ ಹೋಗು’ ಎಂದು ಯಾರೂ ಹೇಳಲಿಲ್ಲ. ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಅಷ್ಟರಲ್ಲಿ ನಾನು ಹುಟ್ಟಿದೆ, ಮಮ್ಮಿ ಕುವೈಟಿಗೆ ಹೋದಳು, ಆಕಯ್ ಅಡುಗೆಮನೆಯಲ್ಲೇ ಉಳಿದಳು.

ಸ್ಟೂಲು ಅವಳದೇ ತಲೆ. ಮೊದಲ ಶನಿವಾರ ನನ್ನನ್ನು ಎತ್ತಿ ಬೋಗಿಗೆ ಹಾಕುವಾಗ ನನ್ನ ಬೂಟು ಮೆಟ್ಟಿಲಿಗೆ ಸಿಕ್ಕಿ, ಗಾಡಿ ಹೊರಟೇಬಿಟ್ಟಿತ್ತು. ನಾವು ಹತ್ತಿದ್ದೇ ಪುಣ್ಯ. ಮಾರನೇ ದಿನ ಪೂಜೆ ಮುಗಿಸಿ ಬರುವಾಗ ಆಚಾರಿಯ ಮನೆಗೆ ಹೋಗಿ, ಹಲಸಿನ ಮರದಲ್ಲಿ ಒಂದು ಸ್ಟೂಲು ಮಾಡಿಸಿದಳು. ನಾಲ್ಕು ದಪ್ಪ ಕಾಲು, ಹಲಗೆಯ ನಡುವೆ ಕೈ ಹಾಕಿ ಎತ್ತಲು ಒಂದು ತೂತು. ‘ಪ್ಲಾಸ್ಟಿಕ್ಕಿನದ್ದು ಸಾಕಿತ್ತಲ್ಲ’ ಎಂದು ಪಪ್ಪ ಹೇಳಿದ್ದಕ್ಕೆ, ‘ಪ್ಲಾಸ್ಟಿಕ್ ಜಾರ್ತದೆ. ನೀನು ಹತ್ತುವುದಾ, ನಾವು ಹತ್ತುವುದಾ?’ ಎಂದಳು.

ಇದರಲ್ಲಿ ಒಂದು ಕ್ರಮ ಇತ್ತು. ಗಾಡಿ ನಿಂತ ಕೂಡಲೇ ಆಕಯ್ ಸ್ಟೂಲು ಇಡುವುದು. ನಾನು ಅದರ ಮೇಲೆ ಬಲಗಾಲು ಇಟ್ಟು ನಿಲ್ಲುವುದು. ಅವಳು ಹಿಂದಿನಿಂದ ನನ್ನ ಸೊಂಟಕ್ಕೆ ಎರಡೂ ಕೈ ಕೊಟ್ಟು ಎತ್ತುವುದು, ನಾನು ಬಾಗಿಲಿನ ಕಂಬಿ ಹಿಡಿದು ಒಳಗೆ ಹೋಗುವುದು. ಆಮೇಲೆ ತಿರುಗಿ ಬಗ್ಗಿ ಕೈ ಚಾಚುವುದು. ಅವಳು ಸ್ಟೂಲನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಹಿಡಿದು ತಾನೂ ಹತ್ತುವುದು. ಸ್ಟೂಲು ತೆಗೆದುಕೊಳ್ಳುವುದು ನನ್ನ ಕೆಲಸ. ಯಾರೂ ನನಗೆ ಯಾವ ಕೆಲಸವನ್ನೂ ಹೇಳದಿದ್ದ ಕಾಲದಲ್ಲಿ ಅದೊಂದು ಕೆಲಸ ನನ್ನದಾಗಿತ್ತು, ನನಗೆ ಅದರ ದೊಡ್ಡಸ್ತಿಕೆ ಸ್ವಲ್ಪ ಹೆಚ್ಚೇ ಇತ್ತು.

ಅಂಗವಿಕಲರ ಬೋಗಿ ಗಾಡಿಯ ಬಾಲದಲ್ಲಿ, ಗಾರ್ಡಿನ ಹತ್ತಿರ. ಎಷ್ಟೋ ದಿನ ಅದರ ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಒಳಗೆ ಕೂತವರಿಗೆ ಎರಡೂ ಕಾಲು ಗಟ್ಟಿ, ನಿದ್ರೆಯೂ ಗಟ್ಟಿ. ಆಕಯ್ ಸ್ಟೂಲಿನ ಕಾಲಿನಿಂದ ಬಾಗಿಲಿಗೆ ಬಡಿಯುತ್ತಿದ್ದಳು. ಯಾರಾದರೂ ತೆರೆದು ‘ಇದು ಹ್ಯಾಂಡಿಕ್ಯಾಪ್ ಬೋಗಿ’ ಎಂದು ನಮಗೇ ಬುದ್ಧಿ ಹೇಳಿದರೆ, ಅವಳು ನನ್ನ ಲಂಗವನ್ನು ಸ್ವಲ್ಪ ಮೇಲೆತ್ತಿ ಕ್ಯಾಲಿಪರ್ ತೋರಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ‘ಹಾಗೆ ತೋರಿಸಬೇಡ’ ಎಂದು ಒಮ್ಮೆ ಹೇಳಿದ್ದೆ. ‘ತೋರಿಸದಿದ್ದರೆ ನಿಂತುಕೊಂಡು ಹೋಗ್ಬೇಕು ಬಾಯೆ’ ಎಂದಳು. ಬಾಯೆ ಎಂದರೆ ಮಗಳೇ ಎಂದ ಹಾಗೆ. ಬಾಯೆ ಎಂದ ಮೇಲೆ ಅವಳ ಹತ್ತಿರ ಜಗಳ ಮುಂದುವರಿಸಲು ಆಗುತ್ತಿರಲಿಲ್ಲ.

ಒಳಗೆ ಕೂತ ಮೇಲೆ ಮಾತ್ರ ಅದು ನಮ್ಮ ರಾಜ್ಯ. ಸ್ಟೂಲು ನನ್ನ ಎಡಗಾಲಿನ ಕೆಳಗೆ. ಆಕಯ್ ಬಾಳೆಲೆಯ ಕಟ್ಟು ಬಿಚ್ಚುತ್ತಿದ್ದಳು. ನೀರುದೋಸೆ, ಒಳಗೆ ತೆಂಗಿನಕಾಯಿ ಬೆಲ್ಲ. ಒದ್ದೆ ಕಬ್ಬಿಣದ ವಾಸನೆ, ಮೀನಿನ ಬುಟ್ಟಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂತ ಹೆಂಗಸರ ಎಲೆಅಡಿಕೆಯ ವಾಸನೆ, ಬಾಡಿದ ಬಾಳೆಲೆಯ ವಾಸನೆ. ನೇತ್ರಾವತಿಯ ಸೇತುವೆ ಬರುವವರೆಗೆ ಕೊನೆಯ ದೋಸೆ ಮುಟ್ಟಬಾರದು ಎಂದು ನಮ್ಮೊಳಗೆ ಒಪ್ಪಂದ. ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಗುತ್ತದಲ್ಲ, ಆಗ ತಿನ್ನಬೇಕು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿರುತ್ತಿತ್ತು.

ಟಿಕೆಟಿಗೆ ಒಂದು ಕಾಗದ ಇತ್ತು. ಡಾಕ್ಟರರ ಸಹಿ, ಸೀಲು, ನನ್ನ ಫೋಟೋ. ಅದರಲ್ಲಿ ಬರೆದದ್ದರ ಅರ್ಥ, ಈ ಮಗುವಿಗೆ ಜೊತೆಗೊಬ್ಬರು ಇಲ್ಲದೆ ಪ್ರಯಾಣ ಮಾಡಲು ಆಗುವುದಿಲ್ಲ ಎಂದು. ಅದನ್ನು ತೋರಿಸಿದರೆ ನನಗೂ ಜೊತೆಯವಳಿಗೂ ಟಿಕೆಟಿನಲ್ಲಿ ರಿಯಾಯಿತಿ. ಆಕಯ್ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನ ಪ್ರಾರ್ಥನೆಯ ಪುಸ್ತಕದ ಒಳಗೆ ಇಡುತ್ತಿದ್ದಳು. ‘ನಿನ್ನ ಮಮ್ಮಿಗೆ ಕುವೈಟಿಗೆ ಹೋಗಲಿಕ್ಕೆ ಪಾಸ್‌ಪೋರ್ಟು ಉಂಟಲ್ಲ, ನನ್ನದು ಇದು’ ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅದು ತಮಾಷೆ ಎಂದೇ ತಿಳಿದಿದ್ದೆ.

ಮಂಗಳೂರಿನಲ್ಲಿ ವ್ಯಾಯಾಮ ಮಾಡಿಸುವ ಮಿಸ್ ಇದ್ದರು. ಅವರ ಕೈಗೆ ನನ್ನನ್ನು ಒಪ್ಪಿಸಿ ‘ಈಗ ಬರ್ತೇನೆ’ ಎಂದು ಆಕಯ್ ಹೋದರೆ ಒಂದು ಗಂಟೆ ಬಿಟ್ಟು ಬರುತ್ತಿದ್ದಳು. ಎಲ್ಲಿಗೆ ಹೋಗುತ್ತಾಳೆಂದು ಕೇಳಿದರೆ ‘ಇಲ್ಲೇ’. ಜುಲೈ ತಿಂಗಳ ಒಂದು ಶನಿವಾರ ಮಿಸ್‌ಗೆ ಜ್ವರ. ನನ್ನನ್ನು ಬಿಟ್ಟು ಹೋಗಲು ಜಾಗ ಇಲ್ಲ. ಆಕಯ್ ಸ್ಟೂಲು ಎತ್ತಿಕೊಂಡು ‘ಬಾ’ ಎಂದಳು.

ಒಂದು ಓಣಿ, ಹಂಚಿನ ಮನೆ, ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಮಿಷಿನು. ಎಲ್ಲಿ ನೋಡಿದರೂ ಬಿಳಿ ಬಟ್ಟೆ. ಒಳಗೆ ಕಾಲಿಡುವಾಗಲೇ ಒಬ್ಬರು ಕೂಗಿದರು, ‘ಲೂಸಿ, ಇವತ್ತು ತಡ ಯಾಕೆ ಮಾರಾಯ್ತಿ?’

ನಾನು ಹಿಂದೆ ತಿರುಗಿ ನೋಡಿದೆ, ಲೂಸಿ ಯಾರು ಎಂದು. ಆಮೇಲೆ ಗೊತ್ತಾಯಿತು. ಹತ್ತು ವರ್ಷ ಒಂದೇ ಮನೆಯಲ್ಲಿದ್ದು ಆಕಯ್‌ನ ಹೆಸರು ಹಿಡಿದು ಒಬ್ಬರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಪಪ್ಪನಿಗೆ ಅವಳು ಅಕ್ಕ, ಮಮ್ಮಿಗೆ ಅತ್ತಿಗೆ, ಊರಿಗೆಲ್ಲ ನನ್ನ ಆಕಯ್. ಕೂಗಿದವರು ಸ್ಟೆಲ್ಲಾ ಬಾಯಿ, ಆ ಅಂಗಡಿಯ ಒಡತಿ, ಹಿಂದೆ ಆಕಯ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಹೊಲಿದವರು. ಜನವರಿಯಲ್ಲಿ ಅವರ ಮಗಳ ಮದುವೆ. ಮದುಮಗಳ ತಲೆಗೆ ಹಾಕುವ ವೇಲು ಮೇಜಿನ ಮೇಲೆ ಹರಡಿತ್ತು, ಅಂಚಿಗೆ ಸುತ್ತ ಮುತ್ತಿನ ಮಣಿ. ಆಕಯ್ ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಒಂದು ಅಂಚಿನಲ್ಲಿ ಕೂತಳು. ಸೂಜಿಗೆ ಮೂರು ಮೂರು ಮಣಿ ಪೋಣಿಸಿ ಬಟ್ಟೆಗೆ ಕೂರಿಸುತ್ತ ಹೋದಳು. ಆ ಹೆಂಗಸರು ಯಾರದ್ದೋ ಸೋಮಾರಿ ಗಂಡನ ಸುದ್ದಿ ಹೇಳಿದರು. ಆಕಯ್ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ಹಾಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಬರುವಾಗ ಸ್ಟೇಷನ್ನಿನ ಹತ್ತಿರ ಗೋಳಿಬಜೆ ತೆಗೆಸಿಕೊಟ್ಟಳು. ‘ಪಪ್ಪನ ಹತ್ತಿರ ಹೇಳ್ಬೇಡ ಆಯ್ತಾ’ ಎಂದಳು.

‘ಎಂತಕ್ಕೆ? ನೀನು ಕೆಟ್ಟದ್ದು ಎಂತ ಮಾಡಿದ್ದಿ?’

‘ಕೆಟ್ಟದ್ದಲ್ಲ. ಅಕ್ಕನನ್ನು ದುಡಿಯಲಿಕ್ಕೆ ಕಳಿಸ್ತಾನೆ ಅಂತ ಊರಿನವರು ಹೇಳಿಯಾರು. ಅವನಿಗೆ ಬೇಜಾರು. ಮತ್ತೆ ಸುಮ್ಮನೆ ಮಂಗಳೂರಿಗೆ ಎಂತಕ್ಕೆ ಹೋಗುವುದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಈಗ ನೀನು ಇದ್ದೀಯಲ್ಲ.’

ನಾನು ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟೆ. ನನಗೂ ಒಂದು ಗುಟ್ಟು ಸಿಕ್ಕಿತ್ತು. ಬೆಂಚಿನ ಹುಡುಗಿಯರಿಗೆ ಎಷ್ಟು ಗುಟ್ಟುಗಳು ಇದ್ದವು, ನನಗೆ ಒಂದೂ ಇರಲಿಲ್ಲ.

ಆಗಸ್ಟಿನಲ್ಲಿ ಜೋರು ಮಳೆಯ ಒಂದು ಬೆಳಿಗ್ಗೆ ಆಕಯ್ ನನ್ನನ್ನು ಎತ್ತುವಾಗ ಜಾರಿದಳು. ನನ್ನನ್ನು ಬಿಡಲಿಲ್ಲ. ಒಂದು ಮೊಣಕಾಲು ನೆಲಕ್ಕೆ ಊರಿ, ಹಾಗೆಯೇ ನನ್ನನ್ನು ಮೇಲಕ್ಕೆ ದೂಡಿದಳು. ಗಾರ್ಡು ನೋಡಿ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿದ. ಆ ದಿನ ನೇತ್ರಾವತಿ ಬಂದರೂ ಅವಳು ದೋಸೆಯ ಕಟ್ಟು ಬಿಚ್ಚಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಂದಿನಿಂದ ಮನೆಯಲ್ಲಿ ಮುಲಾಮಿನ ವಾಸನೆ ಸುರುವಾಯಿತು. ಸಂಜೆಯ ತೇರ್ಸದಲ್ಲಿ ಎಲ್ಲರೂ ಮೊಣಕಾಲೂರಿ ಜಪಮಣಿ ಹಿಡಿಯುವಾಗ ಅವಳು ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ಪಪ್ಪ ಕೇಳಿದರೆ ‘ಎಂತ ಇಲ್ಲ, ಪ್ರಾಯ ಆಯ್ತಲ್ಲ’ ಎಂದಳು. ಶನಿವಾರ ಬಂದರೆ ಮತ್ತೆ ಸ್ಟೂಲು ಹಿಡಿದು ತಯಾರು. ಪ್ರತಿ ಸಲ ಅವಳು ಎತ್ತುವಾಗ ನನ್ನ ಕಿವಿಯ ಹಿಂದೆ ಒಂದು ಸಣ್ಣ ನರಳುವ ಸದ್ದು ಕೇಳುತ್ತಿತ್ತು. ನಾನು ಇಷ್ಟು ಭಾರ ಇದ್ದೇನಲ್ಲ ಎಂದು ನನಗೆ ನಾಚಿಕೆಯಾಗುತ್ತಿತ್ತು.

ಆಗ ನಾನು ನಿಶ್ಚಯ ಮಾಡಿದೆ, ಒಬ್ಬಳೇ ಹತ್ತಲು ಕಲಿಯಬೇಕು ಎಂದು. ಯಾರಿಗೂ ಹೇಳದೆ ಕಲಿತು ಒಂದು ದಿನ ತೋರಿಸಬೇಕು. ಹಾಗಾದರೆ ಆಕಯ್ ಸುಮ್ಮನೆ ಸ್ಟೂಲು ಇಟ್ಟರೆ ಸಾಕು, ಸೊಂಟಕ್ಕೂ ಆರಾಮ, ಶನಿವಾರವೂ ಇರುತ್ತದೆ. ನನ್ನ ಲೆಕ್ಕ ಇಷ್ಟೇ.

ನಮ್ಮ ಮನೆಯ ಜಗಲಿಯ ಬಡಗು ಬದಿಯಲ್ಲಿ ಮೆಟ್ಟಿಲು ಇರಲಿಲ್ಲ, ಎತ್ತರ ಹೆಚ್ಚುಕಡಿಮೆ ಗಾಡಿಯಷ್ಟೇ. ಕಿಟಕಿಯ ಸರಳು ಬಾಗಿಲಿನ ಕಂಬಿಯ ಲೆಕ್ಕಕ್ಕೆ. ಆಕಯ್ ಮಧ್ಯಾಹ್ನ ಸ್ವಲ್ಪ ಅಡ್ಡ ಆಗುವಾಗ ನಾನು ಸ್ಟೂಲು ಎಳೆದುಕೊಂಡು ಹೋಗಿ ಅಲ್ಲಿ ಇಡುತ್ತಿದ್ದೆ. ಬಲಗಾಲು ಸ್ಟೂಲಿಗೆ, ಕೈ ಸರಳಿಗೆ, ಮೈ ಪೂರಾ ಕೈಗೆ ಬಿಟ್ಟು ಎಡಗಾಲನ್ನು ಹೊರಗಿನಿಂದ ಸುತ್ತಿಸಿ ಎಳೆದುಕೊಳ್ಳಬೇಕು. ಮೊದಲ ವಾರ ನಾಲ್ಕು ಸಲ ಬಿದ್ದೆ. ಕೆಸರು ಮೆತ್ತಿದ ಲಂಗವನ್ನು ಬಾವಿಕಟ್ಟೆಯಲ್ಲಿ ನಾನೇ ಒಗೆದು ಹಾಕಿದೆ. ಮಣಿಗಂಟಿನ ಚರ್ಮ ಸುಲಿದದ್ದಕ್ಕೆ ಬೆಕ್ಕು ಪರಚಿತು ಎಂದೆ. ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಅಂದರೆ ಮೇರಿಮಾತೆಯ ಹುಟ್ಟುಹಬ್ಬಕ್ಕೆ, ಮುಂಚಿನ ಒಂಬತ್ತು ದಿನ ಉಳಿದ ಮಕ್ಕಳು ಇಗರ್ಜಿಗೆ ಹೂವು ಕೊಂಡುಹೋಗುವಾಗ, ಕಾಲುನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ನಿಂತು ಹತ್ತಿ ಇಳಿದೆ. ಮೇರಿಮಾತೆಗೆ ಹೂವು ಹಾಕುವುದು ಬಿಟ್ಟು ಜಗಲಿ ಹತ್ತಿದ್ದಕ್ಕೇ ಮುಂದೆ ಹಾಗೆಲ್ಲ ಆಯಿತೋ ಎಂದು ಆಮೇಲೆ ಎಷ್ಟೋ ದಿನ ಹೆದರಿದ್ದೆ. ಅಂತೂ ಸೆಪ್ಟೆಂಬರ್ ಮುಗಿಯುವಾಗ ಬೀಳದೆ ಹತ್ತಲು ಬಂತು. ನೋಡಲು ಯಾರೂ ಇರಲಿಲ್ಲ. ಅಂಗಳದಲ್ಲಿ ಕೋಳಿಗಳು ಮಾತ್ರ ಇದ್ದವು.

ಅಕ್ಟೋಬರಿನಲ್ಲಿ ಕಾಗದದ ಅವಧಿ ಮುಗಿಯುವುದಿತ್ತು. ಹೊಸದು ಮಾಡಿಸಲು ಕಾಸರಗೋಡಿನ ವಿದ್ಯಾನಗರದ ಹತ್ತಿರ ಒಂದು ಹಾಲ್‌ನಲ್ಲಿ ಕ್ಯಾಂಪು. ಪಪ್ಪ ಬೇಕರಿ ಮುಚ್ಚಿ ನನ್ನನ್ನು ಕರೆದುಕೊಂಡು ಹೋದರು. ಆಕಯ್ ಬಾಗಿಲಿನವರೆಗೆ ಬಂದು, ಪ್ರಾರ್ಥನೆಯ ಪುಸ್ತಕದಿಂದ ಕಾಗದ ತೆಗೆದುಕೊಟ್ಟು, ‘ಜಾಗ್ರತೆ, ಮಡಚಬೇಡ’ ಎಂದು ಪಪ್ಪನಿಗೆ ಎರಡು ಸಲ ಹೇಳಿದಳು. ಬಸ್ಸಿನಲ್ಲಿ ಪಪ್ಪ ನನಗೆ ಹೇಳಿಕೊಟ್ಟರು, ‘ಒಬ್ಬಳೇ ಹೋಗಲಿಕ್ಕೆ ಆಗ್ತದಾ ಅಂತ ಕೇಳ್ತಾರೆ. ಆಗುವುದಿಲ್ಲ ಅಂತ ಹೇಳು.’ ಯಾಕೆ ಹಾಗೆ ಹೇಳಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ತಲೆಯಾಡಿಸಿದೆ.

ಉದ್ದ ಸಾಲು. ಗಾಲಿಕುರ್ಚಿಯವರು, ಊರುಗೋಲಿನವರು, ಹೆಗಲ ಮೇಲೆ ದೊಡ್ಡ ಮಗನನ್ನು ಹೊತ್ತ ತಾಯಿ. ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಎರಡು ಗಂಟೆ ಕಾದ ಮೇಲೆ ನಮ್ಮ ಸರದಿ. ಡಾಕ್ಟರರು ಮಲಯಾಳದವರು, ವಯಸ್ಸಾದವರು, ಒಳ್ಳೆಯ ಮುಖ. ನನ್ನ ಕಾಲು ಹಿಡಿದು ಮಡಚಿ ಬಿಡಿಸಿ ನೋಡಿದರು. ಆಮೇಲೆ ತನಗೆ ಬರುವ ಕನ್ನಡದಲ್ಲಿ, ಪಪ್ಪನನ್ನು ಅಲ್ಲ, ನನ್ನನ್ನೇ ಮೋಳೇ, ಮಗಳೇ, ಎಂದು ಕರೆದು ಕೇಳಿದರು.

‘ಒಬ್ಬಳೇ ಟ್ರೈನು ಹತ್ತಲಿಕ್ಕೆ ಆಗ್ತದಾ ಮೋಳೇ?’

ಯಾರಾದರೂ ನನ್ನನ್ನು ಅದು ಕೇಳಲಿ ಎಂದು ಎರಡು ತಿಂಗಳಿನಿಂದ ಕಾಯುತ್ತಿದ್ದವಳು ನಾನು. ಪಪ್ಪ ಹೇಳಿಕೊಟ್ಟ ಮಾತು ನೆನಪಿತ್ತು. ಮರೆತೆ ಎಂದು ಹೇಳಿದರೆ ಅದು ಸುಳ್ಳು. ನೆನಪಿದ್ದೂ ಹೇಳಿದೆ, ‘ಆಗ್ತದೆ. ತೋರಿಸ್ಲಾ?’

ಪಪ್ಪ ‘ಬಾಯೆ’ ಎಂದರು. ಅಷ್ಟರಲ್ಲಿ ನಾನು ಹೊರಟಾಗಿತ್ತು. ಪಕ್ಕದಲ್ಲಿ ಹಾಲ್‌ನ ಸ್ಟೇಜು, ಅದರ ಬುಡದಲ್ಲಿ ಯಾರೋ ಕೂತು ಎದ್ದ ಸಣ್ಣ ಬೆಂಚು. ಬಲಗಾಲು ಬೆಂಚಿಗೆ, ಕೈ ಸ್ಟೇಜಿನ ಕಂಬಕ್ಕೆ, ಎಡಗಾಲು ಹೊರಗಿನಿಂದ ಸುತ್ತಿಸಿ, ಮೇಲೆ. ಒಂದು ಸಲವೂ ತಪ್ಪಲಿಲ್ಲ. ಸ್ಟೇಜಿನ ಮೇಲೆ ನಿಂತು ತಿರುಗಿದೆ. ಸಾಲಿನಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಗನನ್ನು ಹೊತ್ತ ಆ ತಾಯಿ ಚಪ್ಪಾಳೆ ತಟ್ಟಿದಳು, ಆಮೇಲೆ ಇನ್ನಿಬ್ಬರು. ನನ್ನ ಜನ್ಮದಲ್ಲಿ ನನಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಡಾಕ್ಟರರು ‘ಮಿಡುಕ್ಕಿ’ ಎಂದರು. ಜಾಣೆ ಎಂದು. ನಗುತ್ತಲೇ ಹೊಸ ಫಾರ್ಮಿನ ಮೇಲೆ ಏನೋ ಬರೆದು, ಸೀಲು ಹಾಕದೆ ಪಪ್ಪನ ಕೈಗೆ ಕೊಟ್ಟರು.

ಹೊರಗೆ ಬಂದು ಚಾಯದ ಅಂಗಡಿಯಲ್ಲಿ ಪಪ್ಪ ನನಗೆ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತೆಗೆಸಿಕೊಟ್ಟರು. ಬೈಯಲಿಲ್ಲ. ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ‘ಯಾವಾಗ ಕಲಿತದ್ದು ನೀನು?’ ಎಂದರು. ಆಮೇಲೆ ಹೇಳಿದರು, ಒಬ್ಬರೇ ಹೋಗಲು ಆಗುವವರಿಗೆ ಆ ಕಾಗದ ಇಲ್ಲ, ಆಗದವರಿಗೆ ಮಾತ್ರ ಎಂದು. ‘ಇರಲಿ, ಬೇಡ. ವಾರ ವಾರ ಬರಬೇಕಂತ ಇಲ್ಲ, ತಿಂಗಳಿಗೊಮ್ಮೆ ಸಾಕು ಅಂತ ಮಂಗಳೂರಿನ ಮಿಸ್ ಫೋನಿನಲ್ಲಿ ಹೇಳಿದ್ದಾರೆ. ನಾನು ಸಾಮಾನು ತರಲಿಕ್ಕೆ ಹೇಗೂ ಹೋಗ್ತೇನಲ್ಲ, ಬೈಕಿನಲ್ಲಿ ಹೋಗುವ.’

ತಿನ್ನುತ್ತಿದ್ದ ಪಳಂಪೊರಿಯನ್ನು ತಟ್ಟೆಗೆ ಇಟ್ಟೆ. ‘ಮತ್ತೆ ಆಕಯ್?’

‘ಆಕಯ್‌ಗೆ ಎಂತ? ಅವಳಿಗೂ ಆರಾಮ ಆಯ್ತು. ಆ ಸೊಂಟ ಇಟ್ಟುಕೊಂಡು ಇನ್ನು ರೈಲಿನಲ್ಲಿ ಅಲೆಯುವುದು ಬೇಡ.’

ಎಷ್ಟು ಪ್ರೀತಿಯಿಂದ ಹೇಳಿದರು. ವೇಲಿನ ವಿಷಯ, ಸ್ಟೆಲ್ಲಾ ಬಾಯಿಯ ವಿಷಯ, ಲೂಸಿ ಎಂಬ ಹೆಸರಿನ ವಿಷಯ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಶಿಲುಬೆಯ ಗುರುತು ಮಾಡಿ ಕೊಟ್ಟ ಮಾತು. ಮುಚ್ಚಬೇಕಾದ ಹೊತ್ತಿಗೆ ತೆರೆದ ಬಾಯಿ ತೆರೆಯಬೇಕಾದ ಹೊತ್ತಿಗೆ ಮುಚ್ಚಿಕೊಂಡಿತು.

ಮನೆಗೆ ಬಂದಾಗ ಆಕಯ್ ಜಗಲಿಯಲ್ಲಿ ಕಾಯುತ್ತಿದ್ದಳು. ಪಪ್ಪ ಹಳೆಯ ಕಾಗದವನ್ನು ಅವಳ ಕೈಗೆ ಕೊಟ್ಟು ಎಲ್ಲ ಹೇಳಿದರು, ನಗುತ್ತ, ಸ್ವಲ್ಪ ಜಂಬದಿಂದ. ಅವಳು ನನ್ನನ್ನು ನೋಡಿದಳು. ‘ಹೌದಾ? ನನಗೂ ತೋರಿಸು’ ಎಂದಳು. ಸ್ಟೂಲನ್ನು ಅವಳೇ ತಂದು ಬಡಗು ಬದಿಯಲ್ಲಿ ಇಟ್ಟಳು. ನಾನು ಹತ್ತಿದೆ. ಈ ಸಲ ಬಿದ್ದರೆ ಒಳ್ಳೆಯದಿತ್ತು ಎಂದು ಅನಿಸುತ್ತಿತ್ತು, ಆದರೂ ಬೀಳಲಿಲ್ಲ. ‘ಎಷ್ಟು ಚಂದ ಹತ್ತಿದೆ’ ಎಂದು ನನ್ನ ಕೆನ್ನೆ ಮುಟ್ಟಿದಳು. ಅವಳ ಮುಖದಲ್ಲಿ ಸಂತೋಷ ಇತ್ತು, ಸುಳ್ಳು ಸಂತೋಷ ಅಲ್ಲ. ಆಮೇಲೆ ‘ಸಾರಿಗೆ ಉಪ್ಪು ಹಾಕಿಲ್ಲ’ ಎಂದು ಒಳಗೆ ಹೋದಳು. ಸುಮಾರು ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ಶನಿವಾರ ನಾನು ನಾಟಕ ಮಾಡಿದೆ. ಎದ್ದ ಕೂಡಲೇ ಕಾಲು ಊರಲು ಆಗುವುದಿಲ್ಲ ಎಂದು ಅಳತೊಡಗಿದೆ, ಜಗಲಿಯ ಕೆಳಗೆ ಬೇಕೆಂದೇ ಬಿದ್ದೆ, ಇವತ್ತೇ ಮಿಸ್‌ನ ಹತ್ತಿರ ರೈಲಿನಲ್ಲಿ ಹೋಗಬೇಕು ಎಂದೆ. ಪಪ್ಪ ಎತ್ತಿ ಕೂರಿಸಿ, ‘ಅಷ್ಟು ದೊಡ್ಡ ಸ್ಟೇಜು ಹತ್ತಿದವಳು ನೀನು’ ಎಂದು ತಲೆಗೆ ಮೊಟಕಿ ಬೇಕರಿಗೆ ಹೋದರು. ಆಕಯ್ ಮಾತ್ರ ನನ್ನ ಹತ್ತಿರ ಬಂದು ಕೂತಳು. ‘ಬೇಡ ಬಾಯೆ’ ಎಂದಳು. ನಾವಿಬ್ಬರೂ ಗಡಿಯಾರದ ಕಡೆ ನೋಡಿಕೊಂಡು ಕೂತೆವು. ಗಾಡಿ ಬರುವ ಹೊತ್ತಾಯಿತು, ಹೋಗುವ ಹೊತ್ತೂ ಆಯಿತು.

ತಿಂಗಳಿಗೊಮ್ಮೆ ಬೈಕಿನ ಹಿಂದೆ ಕೂತು ಹೋದೆ. ಸೇತುವೆಯ ಮೇಲೆ ತಿನ್ನಲು ಏನೂ ಇರುತ್ತಿರಲಿಲ್ಲ. ಒಂದು ಗಂಟೆ ಪಪ್ಪ ಹೊರಗೆ ಬೆಂಚಿನಲ್ಲಿ ಪೇಪರು ಓದುತ್ತಿದ್ದರು. ಶನಿವಾರಗಳು ಉಳಿದ ದಿನಗಳ ಹಾಗೆಯೇ ಆದವು, ಜಗಲಿ ಮತ್ತು ಐದು ಕಲ್ಲು. ಆಕಯ್ ನನ್ನ ಜೊತೆ ಕಲ್ಲಾಟಕ್ಕೆ ಕೂರುತ್ತಿದ್ದಳು, ಆದರೆ ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಒಬ್ಬೊಬ್ಬರೇ ಇರುವುದು ಹೇಗೆ ಎಂದು ನಾನು ಆ ವರ್ಷ ಕಲಿತೆ. ಜನವರಿಯಲ್ಲಿ ಒಂದು ದಿನ, ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿ ಗಡಿಯಾರ ನೋಡಿದಳು. ‘ಈಗ ಇಗರ್ಜಿಯಿಂದ ಹೊರಗೆ ಬಂದಿರಬಹುದು’ ಎಂದಳು. ಸ್ಟೆಲ್ಲಾ ಬಾಯಿಯ ಮಗಳ ಮದುವೆ ಅಂದು. ವೇಲಿನ ಅರ್ಧ ಅಂಚು ಆಕಯ್‌ನದ್ದು, ಇನ್ನರ್ಧ ಯಾರು ಮುಗಿಸಿದರೋ ಅವಳಿಗೆ ಗೊತ್ತಾಗಲಿಲ್ಲ. ಮತ್ತೆ ಬಗ್ಗಿ ಮೀನು ಕೊಯ್ದಳು.

ಹನ್ನೊಂದು ವರ್ಷ ಅವಳು ಹಾಗೆಯೇ ಇದ್ದಳು. ಆ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ದೊಡ್ಡವಳಾದ ಮೇಲಾದರೂ ‘ಬಾ, ಹೋಗಿ ಬರುವ’ ಎಂದು ನಾನೇ ಕರೆಯಬಹುದಿತ್ತು. ಪರೀಕ್ಷೆ, ಕಾಲೇಜು, ಕೆಲಸ ಎಂದು ದಿನ ಹೋಯಿತು. ಕರೆಯಲಿಲ್ಲ. ಅದಕ್ಕೆ ಕಾಲಿನ ನೆಪ ಹೇಳಲು ನನಗೆ ಆಗುವುದಿಲ್ಲ.

ಅವಳು ತೀರಿಹೋಗಿ ಮೂರು ವರ್ಷ ಆಯಿತು. ಏಳನೇ ದಿನದ ಪೂಜೆ ಮುಗಿಸಿ ಬಂದು ಅವಳ ಪ್ರಾರ್ಥನೆಯ ಪುಸ್ತಕ ತೆರೆದರೆ, ಆ ಕಾಗದ ಅಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ, ಮಡಚದೆ. ನಾನು ಪಪ್ಪನಿಗೆ ಎಲ್ಲ ಹೇಳಿದೆ. ಓಣಿಯ ಆ ಮನೆ, ಮಣಿ, ವೇಲು, ಅವಳ ನಗು. ಪಪ್ಪ ಕಾಗದದಲ್ಲಿದ್ದ ನನ್ನ ಸಣ್ಣ ಫೋಟೋವನ್ನೇ ನೋಡಿದರು. ‘ನನ್ನ ಹತ್ತಿರ ಹೇಳಿದ್ದರೆ ನಾನು ಬೇಡ ಅಂತಿದ್ದೆನಾ?’ ಎಂದರು. ನಾನು ಕಾಗದವನ್ನು ಮತ್ತೆ ಪ್ರಾರ್ಥನೆಯ ಪುಸ್ತಕದ ಒಳಗೆ ಇಟ್ಟೆ.

ಆ ಡಾಕ್ಟರರು ಕೇಳಿದ್ದು ಸರಳ ಪ್ರಶ್ನೆ. ಕಾಲಿನ ಬಗ್ಗೆ ಕೇಳಿದರು, ಕಾಲಿನ ಬಗ್ಗೆ ನಾನು ನಿಜವನ್ನೇ ಹೇಳಿದೆ. ಉಳಿದದ್ದು ಹೇಳಲು ಹತ್ತು ವರ್ಷದವಳಿಗೆ ತಿಳಿಯಲಿಲ್ಲ. ಆಕಯ್ ಇಲ್ಲದೆ ಎಲ್ಲಿಗೆ ಹೋಗಲೂ ನನಗೆ ಆಗುತ್ತಿರಲಿಲ್ಲ, ನಾನಿಲ್ಲದೆ ಅವಳಿಗೂ ಆಗುತ್ತಿರಲಿಲ್ಲ. ಅದೂ ನಿಜವೇ ಆಗಿತ್ತು.

ಈಗ ನಾನು ವಿದ್ಯಾನಗರದ ಒಂದು ಆಫೀಸಿನಲ್ಲಿ ಕ್ಲರ್ಕು. ದಿನಾ ಬೆಳಿಗ್ಗೆ ಅದೇ ಸ್ಟೇಷನ್ನಿನಿಂದ ಕಾಸರಗೋಡಿಗೆ ರೈಲು, ಅಲ್ಲಿಂದ ಟೌನ್ ಬಸ್ಸು. ಪ್ಲಾಟ್‌ಫಾರ್ಮು ಎತ್ತರ ಮಾಡಿದ್ದಾರೆ, ಹಗುರದ ಹೊಸ ಕ್ಯಾಲಿಪರ್‌ಗೆ ವಾಸನೆ ಇಲ್ಲ, ಟಿಕೆಟು ಮೊಬೈಲಿನಲ್ಲಿ. ಯಾರಾದರೂ ಕೈ ಕೊಡಲು ಬಂದರೆ ‘ಬೇಡ, ನನಗೆ ಆಗ್ತದೆ’ ಎನ್ನುತ್ತೇನೆ. ಆಗುತ್ತದೆ ಕೂಡ. ಬಲಗಾಲು, ಕಂಬಿ, ಎಡಗಾಲು, ಒಳಗೆ. ಅಷ್ಟು ಸುಲಭ.

ಹತ್ತಿದ ಮೇಲೆ ಈಗಲೂ ಒಮ್ಮೆ ತಿರುಗಿ ಬಗ್ಗುತ್ತೇನೆ. ಹಿಂದೆ ಬರುವವರಿಗೆ ಅಡ್ಡವಾಗುತ್ತದೆ, ಕೆಲವರು ಬೈಯುತ್ತಾರೆ. ಕೈ ಚಾಚುತ್ತದೆ, ಕೆಳಗೆ ಸ್ಟೂಲು ಕೊಡುವವರು ಯಾರೂ ಇಲ್ಲ.